ಥೌ ಲೆಕ್ಕದ ಕೆಲಸ: ಮನೆಯಲ್ಲೇ ಎಂಜಿಬಿ ಇಂಜಿನ್ ಬಿಚ್ಚಿ ಕಟ್ಟುವುದು

ಎಂಜಿಬಿ ಅಂದರೆ ಎರಡು ಸೀಟಿನ, ಟಾಪ್ ಮಡಚುವ, ನೆಲಕ್ಕೆ ಅಂಟಿದಂತೆ ತಗ್ಗಾಗಿರುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ನಿನಲ್ಲಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು; ಹೆಚ್ಚಿನವು ಹಡಗು ಹತ್ತಿ ಅಮೆರಿಕಕ್ಕೆ ಹೋದವು. ಆದರೆ ಬಾನೆಟ್ ಎತ್ತಿ ನೋಡಿದರೆ ಒಳಗೆ ಕೂತಿರುವುದು ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನ ನೆಂಟ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಇಂಜಿನ್ ಅದು. ಅದೇ ಮನೆತನದ 1489 ಸಿಸಿ ಇಂಜಿನ್ನು ಕೋಲ್ಕತ್ತ ಹತ್ತಿರದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್‌ನಲ್ಲಿ, ಇಸುಜು ಇಂಜಿನ್ ಬರುವ ತನಕ ದಶಕಗಟ್ಟಲೆ ದುಡಿಯಿತು. ಎಂಜಿಬಿಯದು 1798 ಸಿಸಿ. ಎರಡರಲ್ಲೂ ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, ಒಂದೇ, 88.9 ಮಿಮೀ, ಅಂದರೆ ಸರಿಯಾಗಿ ಮೂರೂವರೆ ಇಂಚು. ಬೋರ್ (ಸಿಲಿಂಡರಿನ ಒಳ ಅಗಲ) ಮಾತ್ರ ಅಂಬಾಸಿಡರ್‌ನಲ್ಲಿ 73 ಮಿಮೀ ಆಸುಪಾಸು, ಎಂಜಿಬಿಯಲ್ಲಿ 80.26.

ಹಾಗಾಗಿ ಸ್ಪೋರ್ಟ್ಸ್ ಕಾರಿನ ಇಂಜಿನ್ ಎಂದು ಹೆದರುವ ಅಗತ್ಯವಿಲ್ಲ. ಬೀಡಿನ (ಎರಕದ ಕಬ್ಬಿಣದ) ಬ್ಲಾಕು, ಬೀಡಿನ ಹೆಡ್ಡು, ಎಂಟು ವಾಲ್ವು, ಪುಶ್‌ರಾಡು, ಒಂದು ಚೈನು, ಎರಡು ಎಸ್‌ಯು ಕಾರ್ಬುರೇಟರು, ಅಷ್ಟೇ. ಹಳೆ ಅಂಬಾಸಿಡರ್ ಮೇಸ್ತ್ರಿಗಳು ಇದನ್ನು ಕಣ್ಣು ಮುಚ್ಚಿ ಬಿಚ್ಚಿಯಾರು. ಕಟ್ಟುವಾಗ ಮಾತ್ರ ಕಣ್ಣು ತೆರೆಯಬೇಕು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡನ್ನು ಕೈಯಲ್ಲಿ ಅಲ್ಲಾಡಿಸಿ ‘ಪ್ಲೇ ಇಲ್ಲ ಸಾರ್, ನಡೀತದೆ’ ಎನ್ನುವ ಲೆಕ್ಕ ಊರೊಳಗೆ ಓಡುವ ಟ್ಯಾಕ್ಸಿಗೆ ನಡೆಯುತ್ತಿತ್ತು. ಅದೇ ಸ್ಟ್ರೋಕಿನಲ್ಲಿ ದಪ್ಪ ಪಿಸ್ಟನ್ ಹಾಕಿ, 5400 ಆರ್‌ಪಿಎಮ್‌ನಲ್ಲಿ 95 ಅಶ್ವಶಕ್ತಿ ಎಳೆಯುವ ಇಂಜಿನ್ನಿಗೆ ನಡೆಯುವುದಿಲ್ಲ. ಇಲ್ಲಿ ಎಲ್ಲವೂ ಥೌ ಲೆಕ್ಕ, ಇಂಚಿನ ಸಾವಿರದ ಒಂದು ಭಾಗ, 0.025 ಮಿಮೀ. ಮನೆಯಲ್ಲಿ ಕಟ್ಟುವವರಿಗೆ ದೊಡ್ಡ ಮಿಷನ್ನುಗಳಿರುವುದಿಲ್ಲ, ಆದರೆ ಅವಸರವೂ ಇರುವುದಿಲ್ಲ. ಆ ಬಿಡುವನ್ನೆಲ್ಲ ಅಳೆಯುವುದಕ್ಕೂ ತೊಳೆಯುವುದಕ್ಕೂ ಸುರಿಯಬೇಕು. ಸ್ಪ್ಯಾನರ್ ತಿರುಗಿಸುವ ಕೆಲಸ ಇಡೀ ಲೆಕ್ಕದಲ್ಲಿ ತೀರಾ ಸಣ್ಣದು.

ಮೊದಲ ಪ್ರಶ್ನೆ: ಬಿಚ್ಚಲೇಬೇಕೇ? ಹೊಗೆ ಬಂತೆಂದು ಇಂಜಿನ್ ಇಳಿಸಿದವರು ಕೊನೆಗೆ ವಾಲ್ವ್ ಗೈಡ್ ಬದಲಿಸಿದ್ದರೆ ಸಾಕಿತ್ತೆಂದು ಅರಿಯುವುದುಂಟು. ಇಂಜಿನ್ ಬಿಸಿಯಿರುವಾಗ ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್ ನೋಡಿ. 8.8:1 ಅನುಪಾತದ ಒಳ್ಳೆಯ ಇಂಜಿನ್ 160 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಹತ್ತಿರ ತೋರಿಸುತ್ತದೆ. ಸಿಲಿಂಡರಿನಿಂದ ಸಿಲಿಂಡರಿಗೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರಿದರೆ ರಿಂಗು, ಬೋರು ಸವೆದಿವೆ. ಏರದಿದ್ದರೆ ವಾಲ್ವು. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ನಡುವಿನ ಹೆಡ್ ಪ್ಯಾಕಿಂಗ್ ಸುಟ್ಟಿದೆ. ಆಯಿಲ್ ಒತ್ತಡ ಬಿಸಿಯಲ್ಲಿ ಓಡುವಾಗ 50ರಿಂದ 80 ಪಿಎಸ್‌ಐ, ಐಡ್ಲಿಂಗ್‌ನಲ್ಲಿ 10ರಿಂದ 25 ಇರಬೇಕು. ಕಡಿಮೆಯಿದ್ದರೆ ತಕ್ಷಣ ಬೇರಿಂಗನ್ನು ದೂರಬೇಡಿ. ಇಂಜಿನ್ನಿನ ಎಡಬದಿ ಹಿಂದುಗಡೆ ಗುಮ್ಮಟದಂಥ ನಟ್ಟಿನ ಕೆಳಗೆ ಪ್ರೆಶರ್ ರಿಲೀಫ್ ವಾಲ್ವ್ ಇದೆ. ಅದರ ಸ್ಪ್ರಿಂಗ್ ಬಿಡಿಯಾಗಿ ಮೂರು ಇಂಚು ಉದ್ದ ಇರಬೇಕು. ಕುಗ್ಗಿದ ಸ್ಪ್ರಿಂಗು, ಕಸ ಸಿಕ್ಕಿಕೊಂಡ ವಾಲ್ವು, ಸುಳ್ಳು ಹೇಳುವ ಗೇಜು, ಈ ಮೂರನ್ನೂ ನೋಡಿದ ಮೇಲೆ ಇಂಜಿನ್ ಇಳಿಸುವ ಮಾತು.

ಇಳಿಸುವುದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಇಂಜಿನ್ನೊಂದೇ 150 ಕಿಲೋ ದಾಟುತ್ತದೆ, ಗೇರ್‌ಬಾಕ್ಸ್ ಸೇರಿಸಿ ಒಟ್ಟಿಗೇ ತೆಗೆಯುವುದು ಸುಲಭ. ಕ್ರೇನ್ ಬಾಡಿಗೆಗೆ ತನ್ನಿ, ತೊಲೆಗೆ ಹಗ್ಗ ಕಟ್ಟಬೇಡಿ. ಬ್ರಾಕೆಟ್ಟು, ಪೈಪು, ವಯರು ಯಾವುದು ಎಲ್ಲಿತ್ತೆಂದು ಫೋಟೊ ತೆಗೆದಿಡಿ, ಬೋಲ್ಟುಗಳನ್ನು ಕವರಿನಲ್ಲಿ ಹಾಕಿ ಹೆಸರು ಬರೆಯಿರಿ. ಮಿಮೀ ಸ್ಪ್ಯಾನರ್ ಇಲ್ಲಿ ಕೂರುವುದಿಲ್ಲ. ಅರ್ಧ ಇಂಚು, 9/16, 5/8 ಬೇಕು.

ಬಿಚ್ಚುವಾಗ ಎರಡು ಕಡೆ ಎಡವುತ್ತಾರೆ. ರಾಕರ್ ಶಾಫ್ಟ್ ಹಿಡಿದಿರುವ ನಟ್ಟುಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿವೆ. ‘ರಾಕರ್ ಮಾತ್ರ ತೆಗೆಯೋಣ’ ಎಂದು ಆ ನಾಲ್ಕನ್ನು ಸಡಿಲಿಸಿದರೆ ಹೆಡ್ಡು ಒಂದೇ ಪಕ್ಕಕ್ಕೆ ಒತ್ತಿಕೊಂಡು ಸೊಟ್ಟಗಾಗುತ್ತದೆ, ನೀರು ಸಿಲಿಂಡರಿಗೆ ಇಳಿಯುತ್ತದೆ. ಮೊದಲು ರೇಡಿಯೇಟರ್ ಖಾಲಿ ಮಾಡಿ, ಹನ್ನೊಂದೂ ನಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸುತ್ತಿನ ಮೇಲೆ ಸುತ್ತು ಸಡಿಲಿಸಬೇಕು. ಎರಡನೆಯದು, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನು ಬ್ಲಾಕಿಗೆ ಹಿಡಿದಿಡುವ ಮುಂದಿನ ಮತ್ತು ಹಿಂದಿನ ಮೇನ್ ಬೇರಿಂಗ್ ಕ್ಯಾಪ್. ಅವು ಬ್ಲಾಕಿನೊಳಗೆ ಬಿಗಿಯಾಗಿ ಕೂತಿರುತ್ತವೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಲು ಹೋದರೆ ಅಂಚು ಹಾಳಾಗಿ ಮುಂದೆ ಜೀವನಪೂರ್ತಿ ಆಯಿಲ್ ಸೋರುತ್ತದೆ. ಕ್ಯಾಪಿನಲ್ಲೇ ಇರುವ ಥ್ರೆಡ್ಡಿನ ತೂತಿಗೆ ಬೋಲ್ಟ್ ಹಾಕಿ, ಸ್ಲೈಡ್ ಹ್ಯಾಮರಿನಿಂದ ನೇರ ಮೇಲಕ್ಕೆ ಎಳೆಯಬೇಕು. ಕ್ಯಾಪು, ರಾಡು ಯಾವುದನ್ನೂ ಅದಲುಬದಲು ಮಾಡುವಂತಿಲ್ಲ. ನಂಬರ್ ಕಾಣದಿದ್ದರೆ ನೀವೇ ಪಂಚ್ ಮಾಡಿ.

ಯಾವ ಕಾಲದ ಇಂಜಿನ್ ಎಂಬುದು ಇಲ್ಲಿ ಗೊತ್ತಾಗಿರಬೇಕು. 1964ರ ತನಕದ 18ಜಿ, 18ಜಿಎ ಇಂಜಿನ್ನುಗಳಲ್ಲಿ ಅಂಬಾಸಿಡರ್‌ನಂತೆಯೇ ಮೂರು ಮೇನ್ ಬೇರಿಂಗ್. ಆ ವರ್ಷದ ಕೊನೆಗೆ ಬಂದ 18ಜಿಬಿಯಿಂದ ಮುಂದೆ ಐದು. ಪಿಸ್ಟನ್ ಪಿನ್ನು ಮೊದಲಿನವುಗಳಲ್ಲಿ ರಾಡಿಗೆ ಬೋಲ್ಟಿನಿಂದ ಬಿಗಿದದ್ದು, 18ಜಿಬಿಯಲ್ಲಿ ಸರ್ಕ್ಲಿಪ್ ಹಾಕಿದ್ದು, 70ರ ದಶಕದ 18ವಿಯಲ್ಲಿ ಒತ್ತಿ ಕೂರಿಸಿದ್ದು. ಒತ್ತಿ ಕೂರಿಸಿದ ಪಿನ್ನನ್ನು ಮನೆಯಲ್ಲಿ ಸುತ್ತಿಗೆಯಿಂದ ಬಡಿದು ತೆಗೆಯಲು ಹೋಗಬೇಡಿ, ರಾಡು ಬಾಗುತ್ತದೆ. ಅದು ಮಿಷನ್ ಶಾಪಿನ ಕೆಲಸ.

ಇನ್ನು ಅಳತೆ. ಒಂದು ರಿಂಗ್ ಸೆಟ್ಟನ್ನಾಗಲಿ ಬೇರಿಂಗನ್ನಾಗಲಿ ಇದಕ್ಕೆ ಮುಂಚೆ ಕೊಳ್ಳಕೂಡದು. ಬೇಕಾದ ಉಪಕರಣ ಇಷ್ಟು: 1–2 ಇಂಚಿನ ಮೈಕ್ರೋಮೀಟರ್, 2–3 ಇಂಚಿನದು, ಪಿಸ್ಟನ್ನಿಗೆ 3–4 ಇಂಚಿನದು, ಬೋರ್ ಗೇಜ್, ಡಯಲ್ ಗೇಜ್, ಫೀಲರ್ ಗೇಜ್, ಸ್ಟ್ರೇಟ್ ಎಡ್ಜ್, ಟಾರ್ಕ್ ರೆಂಚ್. ವರ್ನಿಯರ್ ಕ್ಯಾಲಿಪರ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ, ಸಾಲದು. ನಾವು ಹುಡುಕುತ್ತಿರುವ ವ್ಯತ್ಯಾಸ ಅದರ ತಪ್ಪಿನಷ್ಟೇ ಇರುತ್ತದೆ. ಬಿಸಿಲಲ್ಲಿ ಕಾದ ಕ್ರ್ಯಾಂಕನ್ನೂ ಅಳೆಯಬಾರದು. 54 ಮಿಮೀ ದಪ್ಪದ ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) 10 ಡಿಗ್ರಿ ಬಿಸಿಯೇರಿದರೆ ಕಾಲು ಥೌ ಹಿಗ್ಗುತ್ತದೆ. ಕ್ರ್ಯಾಂಕು, ಮೈಕ್ರೋಮೀಟರು, ಬ್ಲಾಕು ಎಲ್ಲವೂ ಒಂದು ರಾತ್ರಿ ಒಂದೇ ಕೋಣೆಯಲ್ಲಿ ಮಲಗಲಿ.

ಬೋರನ್ನು ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಿರಿ: ಕ್ರ್ಯಾಂಕಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಸವೆತ ಹೆಚ್ಚಿರುವುದು ಮೇಲಿನ ರಿಂಗ್ ನಿಂತು ತಿರುಗುವ ಜಾಗದಲ್ಲಿ, ಅದೂ ಅಡ್ಡ ದಿಕ್ಕಿನಲ್ಲಿ. ಬೆಂಕಿ, ಒತ್ತಡ ಎರಡೂ ಅಲ್ಲೇ ಹೆಚ್ಚು, ಆಯಿಲ್ ಅಲ್ಲೇ ಕಡಿಮೆ. ಉಗುರಿಗೆ ಸಿಗುವ ಏಣು ಕಾಣುವುದೂ ಅಲ್ಲೇ. ಮೇಲಿನ ಅಳತೆಗೂ ಕೆಳಗಿನ ಸವೆಯದ ಜಾಗದ ಅಳತೆಗೂ 6 ಥೌ ದಾಟಿದ ವ್ಯತ್ಯಾಸವಿದ್ದರೆ ಬರೀ ರಿಂಗ್ ಹಾಕಿ ಕಟ್ಟುವುದು ದಂಡ. ಹೊಸ ರಿಂಗು ಪ್ರತಿ ಸುತ್ತಿನಲ್ಲೂ ಮೇಲೆ ಹಿಗ್ಗಿ ಕೆಳಗೆ ಕುಗ್ಗಿ, ಬೇಗನೆ ಹಳೇ ರಿಂಗಿನ ಗತಿಗೇ ಬರುತ್ತದೆ. ಪಿಸ್ಟನ್ನುಗಳು 10, 20, 30, 40 ಥೌ ಓವರ್‌ಸೈಜಿನಲ್ಲಿದ್ದವು. ಈಗ 60 ಥೌ ಸಹ ಸಿಗುತ್ತದೆ. 60ಕ್ಕೆ ಬೋರ್ ಮಾಡಿಸಿದರೆ ಇಂಜಿನ್ 1868 ಸಿಸಿ ಆಗುತ್ತದೆ. 70 ಸಿಸಿ ಸಿಕ್ಕಿತೆಂಬ ಖುಷಿಗೆ ಅಷ್ಟು ಕೊರೆಸುವವರಿದ್ದಾರೆ. ಬ್ಲಾಕು 20ರಲ್ಲಿ ಶುದ್ಧವಾಗುವುದಾದರೆ 20ಕ್ಕೇ ನಿಲ್ಲಿಸಿ; ಮಿಕ್ಕ ಬೀಡು ಮುಂದಿನ ಸಲಕ್ಕೆ ಇರಲಿ.

ರಾಡು ಕೂರುವ ಕ್ರ್ಯಾಂಕ್ ಪಿನ್ನು ಹೊಸದರಲ್ಲಿ 1.8759ರಿಂದ 1.8764 ಇಂಚು, ಮೇನ್ ಜರ್ನಲ್ 2.1262ರಿಂದ 2.1270 ಇಂಚು. ಪಿನ್ನು ಸವೆಯುವಾಗ ದುಂಡಾಗಿ ಸವೆಯದೆ ಮೊಟ್ಟೆಯಾಕಾರವಾಗುತ್ತದೆ, ಹಾಗಾಗಿ ಸುತ್ತ ನಾಲ್ಕು ಕಡೆ ಅಳೆಯಬೇಕು. ಗ್ರೈಂಡಿಂಗ್ ಬೇಕೆಂದಾದರೆ 10 ಥೌ ಲೆಕ್ಕದಲ್ಲಿ ಇಳಿಸಿ, ಅದಕ್ಕೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ತರಬೇಕು. ಹಳೇ ಬೇರಿಂಗ್ ಚಿಪ್ಪನ್ನು ಎಸೆಯುವ ಮುನ್ನ ತಿರುಗಿಸಿ ನೋಡಿ. ಹಿಂದಿನವರು ಎಷ್ಟಕ್ಕೆ ಗ್ರೈಂಡ್ ಮಾಡಿಸಿದ್ದರೆಂದು ಅದರ ಬೆನ್ನ ಮೇಲೆ ಬರೆದಿರುತ್ತದೆ, ಮುಖದ ಮೇಲೆ ಇಂಜಿನ್ನಿನ ಚರಿತ್ರೆ ಇರುತ್ತದೆ. ಉದ್ದುದ್ದ ಗೀರುಗಳಿದ್ದರೆ ಆಯಿಲಿನಲ್ಲಿ ಮಣ್ಣಿತ್ತು. ತಾಮ್ರದ ಬಣ್ಣ ಇಣುಕಿದರೆ ಮೇಲ್ಪದರ ಸವೆದು ಮುಗಿದಿದೆ. ಒಂದೇ ಅಂಚು ಸವೆದಿದ್ದರೆ ರಾಡು ಬಾಗಿದೆ, ಅದನ್ನು ನೇರ ಮಾಡಿಸದೆ ಹೊಸ ಬೇರಿಂಗ್ ಹಾಕಿ ಪ್ರಯೋಜನವಿಲ್ಲ.

ಆಯಿಲ್ ಪಂಪಿನ ಒಳಗೆ ಎರಡು ರೋಟರ್. ಹಲ್ಲಿನ ತುದಿಯಲ್ಲಿ 6 ಥೌ, ಹೊರ ರೋಟರಿಗೂ ಪಂಪಿನ ಮೈಗೂ ನಡುವೆ 10 ಥೌ, ಮೇಲ್ಭಾಗದ ಸಂದು 5 ಥೌ, ಇವು ಮಿತಿ. ಫೀಲರ್ ಗೇಜಿನಿಂದ ಹತ್ತು ನಿಮಿಷದ ಕೆಲಸ. ಮಿತಿ ದಾಟಿದ್ದರೆ ಹೊಸ ಪಂಪು ತನ್ನಿ, ತಂದ ಹೊಸದನ್ನೂ ಇದೇ ರೀತಿ ಅಳೆಯಿರಿ.

ಹೆಡ್ಡಿನಲ್ಲಿ ನೋಡಬೇಕಾದದ್ದು ಬಿರುಕು. ನಡುವಿನ ಎರಡು ಸಿಲಿಂಡರುಗಳ ಎಕ್ಸಾಸ್ಟ್ ಒಂದೇ ದಾರಿಯಲ್ಲಿ ಹೊರಬೀಳುವುದರಿಂದ ಆ ಜಾಗ ಸುಡುತ್ತಿರುತ್ತದೆ, ಬಿರುಕು ಬಿಡುವುದೂ ಅಲ್ಲೇ ಸಾಮಾನ್ಯ. ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವುದು) ಮಾಡಿ ಗಂಟೆಗಟ್ಟಲೆ ಕೂತ ಮೇಲೆ ಬಿರುಕು ಕಾಣುವುದು ಬೇಡ. ಮೊದಲೇ ಕ್ರ್ಯಾಕ್ ಟೆಸ್ಟ್ ಮಾಡಿಸಿ. ಇನ್ನೊಂದು, ಸೀಟು. ಈ ಹೆಡ್ಡು ಸೀಸದ ಪೆಟ್ರೋಲಿನ ಕಾಲದ್ದು. ಸೀಟಿನ ಮೇಲೆ ಕೂರುತ್ತಿದ್ದ ಸೀಸದ ತೆಳು ಪದರವೇ ಅದಕ್ಕೆ ರಕ್ಷೆ. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲು ನಿಂತಿತು, ಬ್ರಿಟನ್ನಿನ ಬಂಕುಗಳಲ್ಲೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಸೀಸವಿಲ್ಲದೆ ವೇಗವಾಗಿ ಓಡಿದರೆ ಎಕ್ಸಾಸ್ಟ್ ವಾಲ್ವು ಬೀಡಿನ ಸೀಟನ್ನು ಕೆರೆದುಕೊಂಡು ಒಳಗಿಳಿಯುತ್ತದೆ, ಟ್ಯಾಪೆಟ್ ಗ್ಯಾಪ್ ಮುಚ್ಚುತ್ತ ಹೋಗುತ್ತದೆ. ಹೆಡ್ಡು ಹೇಗೂ ಶಾಪಿಗೆ ಹೋಗುತ್ತಿರುವಾಗ ನಾಲ್ಕು ಎಕ್ಸಾಸ್ಟಿಗೂ ಗಟ್ಟಿ ಸೀಟು ಹಾಕಿಸಿಬಿಡಿ.

ಶಾಪಿಗೆ ಕೊಡುವಾಗ ಚೀಟಿ ಬರೆದು ಕೊಡಿ, ಬಾಯಿಮಾತು ಬೇಡ. ಬೋರಿಂಗ್‌ಗೆ ಹೊಸ ಪಿಸ್ಟನ್ ನಾಲ್ಕನ್ನೂ ಜೊತೆಗೆ ಕೊಟ್ಟು, ಆಯಾ ಪಿಸ್ಟನ್ನಿಗೆ ಆಯಾ ಸಿಲಿಂಡರನ್ನು, ತಯಾರಕರ ಕಾಗದದಲ್ಲಿರುವ ಸಂದಿನ ಪ್ರಕಾರ ಕೊರೆದು ಹೋನಿಂಗ್ ಮಾಡಲು (ಕಲ್ಲಿನಿಂದ ಉಜ್ಜಿ ನಯಗೊಳಿಸಲು) ಹೇಳಿ. ‘30 ಥೌ ಬೋರ್ ಮಾಡಿ’ ಎಂದಷ್ಟೇ ಹೇಳಿದರೆ ಲೆಕ್ಕದ 30 ಆಗುತ್ತದೆ, ಪಿಸ್ಟನ್ ಮಾತ್ರ ಲೆಕ್ಕಕ್ಕಿಂತ ಅರ್ಧ ಥೌ ದಪ್ಪಗಿರುತ್ತದೆ. ಕ್ರ್ಯಾಂಕ್ ಗ್ರೈಂಡ್ ಮಾಡುವಾಗ ಜರ್ನಲ್ಲಿನ ಎರಡೂ ಅಂಚಿನ ದುಂಡು ತಿರುವು ಹಾಗೇ ಉಳಿಯಬೇಕು. ಅಲ್ಲಿ ಚೂಪು ಮೂಲೆ ಬಿಟ್ಟರೆ ಕ್ರ್ಯಾಂಕ್ ಮುರಿಯುವುದು ಅಲ್ಲಿಂದಲೇ. ಕ್ಯಾಮ್ ಬೇರಿಂಗ್ ಬದಲಿಸುವುದಿದ್ದರೆ ಅದನ್ನೂ ಶಾಪಿನಲ್ಲೇ ಹಾಕಿಸಿ. ಕೂರಿಸಿದ ಮೇಲೆ ಒಂದೇ ಸಾಲಿನಲ್ಲಿ ರೀಮ್ ಮಾಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತಮುತ್ತ ಇರುವಂಥ ಹಳೇ ಬೋರಿಂಗ್, ಗ್ರೈಂಡಿಂಗ್ ಅಂಗಡಿಗಳಿಗೆ ಇಂಚಿನ ಲೆಕ್ಕವೂ ಹೊಸದಲ್ಲ, ಈ ಮನೆತನದ ಬ್ಲಾಕೂ ಹೊಸದಲ್ಲ. ಬಂದ ಮಾಲನ್ನು ನೀವೇ ಮತ್ತೆ ಅಳೆಯಿರಿ, ನಂಬಿಕೆ ಇಲ್ಲವೆಂದಲ್ಲ. ದುಡ್ಡು ಕೊಟ್ಟ ಮೇಲೆ ತಪ್ಪು ಸಿಕ್ಕರೂ ಸರಿಪಡಿಸಬಹುದು, ಇಂಜಿನ್ ಕಟ್ಟಿದ ಮೇಲೆ ಸಿಕ್ಕರೆ ಆಗದು.

ಶಾಪಿನಿಂದ ಬಂದ ಬ್ಲಾಕು ಫಳಫಳ ಹೊಳೆಯುತ್ತಿರುತ್ತದೆ, ಒಳಗೆಲ್ಲ ಬೀಡಿನ ಪುಡಿ, ಹೋನಿಂಗ್ ಕಲ್ಲಿನ ಹಿಟ್ಟು. ಹೊಸದಾಗಿ ಕಟ್ಟಿದ ಇಂಜಿನ್ ಮೊದಲ ಸಾವಿರ ಕಿಮೀ ಒಳಗೆ ಸತ್ತರೆ, ಹತ್ತಕ್ಕೆ ಎಂಟು ಸಲ ಕೊಂದದ್ದು ಈ ಪುಡಿಯೇ ಇರಬೇಕು ಎಂಬುದು ನಮ್ಮ ಅಂದಾಜು. ಆಯಿಲ್ ಗ್ಯಾಲರಿಯ ಎರಡೂ ಕೊನೆಯ ಹಿತ್ತಾಳೆ ಮುಚ್ಚಳಗಳನ್ನು ಡ್ರಿಲ್ ಮಾಡಿ ತೆಗೆದು, ಆ ತೂತಿಗೆ ಟ್ಯಾಪ್ ಹಾಕಿ ಸ್ಕ್ರೂ ಪ್ಲಗ್ ಕೂರುವಂತೆ ಮಾಡಿಕೊಳ್ಳಿ. ಉದ್ದ ಬ್ರಷ್ಷನ್ನು ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆ ಬರುವ ತನಕ ಎಳೆದಾಡಿ. ನೀರಿನ ಜಾಕೆಟ್ಟಿನ ಕೋರ್ ಪ್ಲಗ್ ತೆಗೆದು, ನಾಲ್ಕನೇ ಸಿಲಿಂಡರಿನ ಹಿಂದೆ ಕೂತ ತುಕ್ಕಿನ ಕೆಸರನ್ನು ಕೆರೆದು ಹೊರಹಾಕಿ. ಇಂಜಿನ್ ಬಿಸಿಯೇರುತ್ತದೆ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಮೊದಲು ಸೀಮೆಎಣ್ಣೆ, ಆಮೇಲೆ ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಷ್ಷು. ಸೀಮೆಎಣ್ಣೆ ಜಿಡ್ಡನ್ನು ತೆಗೆಯುತ್ತದೆ, ಹೋನಿಂಗ್ ಹಿಟ್ಟನ್ನು ತೆಗೆಯುವುದು ಸೋಪು ನೀರೇ. ಒಣಗಿದ ಕೂಡಲೇ ಆಯಿಲ್ ಸವರಿ, ಬರಿಮೈ ಬೀಡು ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ. ಆಯಿಲ್ ಹಚ್ಚಿದ ಬೋರನ್ನು ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬೂದಾದರೆ ಮತ್ತೆ ತೊಳೆಯಿರಿ. ಬೂದಾಗದ ತನಕ ತೊಳೆಯುತ್ತಲೇ ಇರಬೇಕು.

ಕಟ್ಟುವ ಕೆಲಸ ಇಲ್ಲಿಂದ. ಬೇರಿಂಗ್ ಚಿಪ್ಪು ಕೂರುವ ಜಾಗವೂ ಚಿಪ್ಪಿನ ಬೆನ್ನೂ ಒಣಗಿರಬೇಕು, ಅಲ್ಲಿ ಆಯಿಲ್ ಬೇಡ. ಚಿಪ್ಪು ಕೂರಿಸಿ, ಕ್ರ್ಯಾಂಕ್ ಇಟ್ಟು, ಜರ್ನಲ್ ಮೇಲೆ ಸಂದು ಅಳೆಯುವ ಪ್ಲಾಸ್ಟಿಗೇಜ್ ಎಂಬ ಮೆದು ಪ್ಲಾಸ್ಟಿಕ್ ಎಳೆಯೊಂದನ್ನು ಉದ್ದಕ್ಕೆ ಮಲಗಿಸಿ ಕ್ಯಾಪ್ ಹಾಕಿ 70 ಪೌಂಡ್-ಅಡಿ, ಅಂದರೆ 95 ನ್ಯೂಟನ್-ಮೀಟರಿಗೆ ಬಿಗಿಯಿರಿ. ಕ್ರ್ಯಾಂಕನ್ನು ತಿರುಗಿಸದೆ ಕ್ಯಾಪ್ ಬಿಚ್ಚಿದರೆ ಎಳೆ ಚಪ್ಪಟೆಯಾಗಿರುತ್ತದೆ. ಕವರಿನ ಮೇಲಿನ ಪಟ್ಟಿಗೆ ಹಿಡಿದು ಅಗಲ ನೋಡಿ. ಸಂದು 1ರಿಂದ 2.7 ಥೌ ಒಳಗಿರಬೇಕು. ಎಳೆಯ ಒಂದು ಕೊನೆ ಅಗಲ, ಇನ್ನೊಂದು ಸಪೂರವಾಗಿದ್ದರೆ ಜರ್ನಲ್ ಓರೆಯಾಗಿದೆ. ರಾಡಿನ ಕ್ರ್ಯಾಂಕ್ ಕಡೆಯ ತುದಿಯಾದ ಬಿಗ್ ಎಂಡಿಗೂ ಇದೇ ಸಂದು, ಇದೇ ಕ್ರಮ. ಬಿಗಿತ ಮಾತ್ರ 35ರಿಂದ 40 ಪೌಂಡ್-ಅಡಿ, ಹನ್ನೆರಡು ಮೂಲೆಯ ನಟ್ಟಿದ್ದರೆ 33.

ನಡುವಿನ ಮೇನ್ ಬೇರಿಂಗಿನ ಎರಡು ಪಕ್ಕಕ್ಕೆ ಅರ್ಧಚಂದ್ರದಂಥ ನಾಲ್ಕು ಥ್ರಸ್ಟ್ ವಾಷರ್ ಬರುತ್ತವೆ. ಆಯಿಲ್ ಗೀರಿರುವ ಮುಖ ಕ್ರ್ಯಾಂಕಿನ ಕಡೆಗಿರಬೇಕು. ತಿರುಗುಮುರುಗು ಹಾಕಿದರೆ ಉಕ್ಕು ಉಕ್ಕಿಗೆ ಉಜ್ಜಿ, ಕ್ರ್ಯಾಂಕೂ ಬ್ಲಾಕೂ ಎರಡೂ ಹೋಗುತ್ತವೆ. ಕ್ರ್ಯಾಂಕನ್ನು ಹಿಂದೆ ಮುಂದೆ ಸ್ಕ್ರೂಡ್ರೈವರಿನಿಂದ ತಳ್ಳಿ ಡಯಲ್ ಗೇಜಿನಲ್ಲಿ ನೋಡಿದಾಗ 4ರಿಂದ 5 ಥೌ ಆಟ ಇರಬೇಕು. ಈ ಕಾರಿನ ಕ್ಲಚ್ ಒತ್ತುವುದು ಕಾರ್ಬನ್ ಬೇರಿಂಗ್, ಸಿಗ್ನಲ್ಲಿನಲ್ಲಿ ಕ್ಲಚ್ ತುಳಿದು ನಿಲ್ಲುವ ಚಾಲಕರ ಕಾಲಿನ ಭಾರವೆಲ್ಲ ಕೊನೆಗೆ ಬೀಳುವುದು ಈ ನಾಲ್ಕು ಚೂರಿನ ಮೇಲೆ.

ರಿಂಗನ್ನು ಪಿಸ್ಟನ್ನಿಗೆ ಹಾಕುವ ಮುಂಚೆ ಒಂದೊಂದನ್ನೂ ಅದರದೇ ಬೋರಿಗಿಳಿಸಿ, ಪಿಸ್ಟನ್ನಿನಿಂದ ಒತ್ತಿ ಸಮ ಮಾಡಿ ಬಾಯಿ ಅಳೆಯಿರಿ. 12 ಥೌಗಿಂತ ಕಡಿಮೆಯಿದ್ದರೆ ಅರ ಹಾಕಿ ಸರಿಪಡಿಸಬೇಕು. ಬಾಯಿ ದೊಡ್ಡದಾದರೆ ಒಂದಿಷ್ಟು ಗ್ಯಾಸ್ ಸೋರುತ್ತದೆ, ಅಷ್ಟೇ. ಚಿಕ್ಕದಾದರೆ ಬಿಸಿಯಲ್ಲಿ ಎರಡು ತುದಿ ಕೂಡಿ ರಿಂಗು ಬೋರಿಗೆ ಕಚ್ಚಿಕೊಂಡು ಪಿಸ್ಟನ್ನಿನ ತಲೆಯನ್ನೇ ಎಗರಿಸುತ್ತದೆ. ರಿಂಗುಗಳ ಬಾಯಿ ಒಂದರ ಕೆಳಗೊಂದು ಬಾರದಂತೆ ತಿರುಗಿಸಿಟ್ಟು, ಪಿಸ್ಟನ್ ಮೇಲಿನ ಮುಂಭಾಗದ ಗುರುತು ಚೈನಿನ ಕಡೆಗಿರುವಂತೆ, ರಾಡ್ ಬೋಲ್ಟಿಗೆ ರಬ್ಬರ್ ಕೊಳವೆ ತೊಡಿಸಿ, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ಕೆಳಗಿಳಿಸಿ. ತಡೆದರೆ ಬಡಿಯಬೇಡಿ, ಹೊರತೆಗೆದು ನೋಡಿ, ರಿಂಗು ಹೊರಗೆ ಜಿಗಿದಿರುತ್ತದೆ. ಪ್ರತಿ ಪಿಸ್ಟನ್ ಹಾಕಿದ ಮೇಲೂ ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿ. ಎಲ್ಲಿ ಬಿಗಿಯಾಯಿತೋ ಅಲ್ಲೇ ತಪ್ಪಿದೆ. ನಾಲ್ಕೂ ಹಾಕಿಯಾದ ಮೇಲೆ ಬಿಗಿಯಾಗಿದೆ ಎಂದು ಗೊತ್ತಾದರೆ ಹುಡುಕುವುದು ಎಲ್ಲಿ?

ವಾಲ್ವುಗಳನ್ನು ತೆರೆಸುವ ಕ್ಯಾಮ್ ಹಾಗೂ ಅದರ ಲೋಬಿನ (ಉಬ್ಬಿನ) ಮೇಲೆ ಕೂರುವ ಟ್ಯಾಪೆಟ್ ಯಾವಾಗಲೂ ಜೊತೆಯಾಗಿಯೇ ಹೊಸದು. ಹಳೇ ಟ್ಯಾಪೆಟ್ ಮೇಲೆ ಹೊಸ ಕ್ಯಾಮ್ ಓಡಿಸಿದರೆ ಎರಡೂ ಕೆಡುತ್ತವೆ. ಲೋಬಿಗೂ ಟ್ಯಾಪೆಟ್ಟಿನ ತಳಕ್ಕೂ ಕ್ಯಾಮ್ ಜೊತೆ ಬರುವ ಕಪ್ಪು ಅಸೆಂಬ್ಲಿ ಲೂಬ್ ಧಾರಾಳವಾಗಿ ಹಚ್ಚಿ. ಸ್ಪ್ರಾಕೆಟ್ಟುಗಳ ಮೇಲಿನ ಚುಕ್ಕಿಗಳು ಎದುರುಬದುರಾಗಿ ನಿಂತರೆ ಟೈಮಿಂಗ್ ಸರಿಯಾಯಿತು ಎಂಬುದು ಪುಸ್ತಕದ ಮಾತು. ಹೊಸ ಸ್ಪ್ರಾಕೆಟ್, ಹೊಸ ಕೀ, ಹೊಸ ಕ್ಯಾಮ್ ಮೂರರಲ್ಲೂ ತುಸು ತುಸು ತಪ್ಪು ಸೇರಿ ನಾಲ್ಕೈದು ಡಿಗ್ರಿ ಆಚೀಚೆ ಆಗಿರುತ್ತದೆ. ಕ್ರ್ಯಾಂಕಿಗೆ ಡಿಗ್ರಿ ತಟ್ಟೆ ಕಟ್ಟಿ, ಒಂದನೇ ಸಿಲಿಂಡರಿನ ಇನ್‌ಲೆಟ್ ಪುಶ್‌ರಾಡಿನ ತಲೆಗೆ ಡಯಲ್ ಗೇಜ್ ಹಿಡಿಯಿರಿ. ಮೂಲ ಕ್ಯಾಮಿನಲ್ಲಿ ಇನ್‌ಲೆಟ್ ತೆರೆಯುವುದು ಟಿಡಿಸಿಗೆ (ಪಿಸ್ಟನ್ ತೀರಾ ಮೇಲಿರುವ ಸ್ಥಿತಿ) 16 ಡಿಗ್ರಿ ಮುಂಚೆ, ಮುಚ್ಚುವುದು ಬಿಡಿಸಿ (ತೀರಾ ಕೆಳಗಿರುವ ಸ್ಥಿತಿ) ಕಳೆದು 56 ಡಿಗ್ರಿಗೆ. ಹಾಗಾಗಿ ವಾಲ್ವು ಪೂರ್ತಿ ತೆರೆದು ನಿಲ್ಲುವುದು ಟಿಡಿಸಿ ಕಳೆದು 110 ಡಿಗ್ರಿಗೆ. ತುತ್ತತುದಿಯಲ್ಲಿ ಗೇಜಿನ ಮುಳ್ಳು ತುಂಬ ಹೊತ್ತು ಅಲುಗುವುದಿಲ್ಲವಾದ್ದರಿಂದ ಅದನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು. ತುದಿಗೆ 5 ಥೌ ಮುಂಚೆ ಎಷ್ಟು ಡಿಗ್ರಿ, ದಾಟಿ 5 ಥೌ ಇಳಿದಾಗ ಎಷ್ಟು ಎಂದು ಬರೆದುಕೊಂಡು ಎರಡರ ನಡುವನ್ನು ತೆಗೆಯಬೇಕು. ಓದುವಾಗ ಕ್ರ್ಯಾಂಕನ್ನು ಮುಂದಕ್ಕೆ ಮಾತ್ರ ತಿರುಗಿಸಿ, ಹಿಂದಕ್ಕೆ ತಿರುಗಿಸಿದರೆ ಚೈನಿನ ಸಡಿಲ ಲೆಕ್ಕದೊಳಗೆ ಬರುತ್ತದೆ. ಬಂದ ವ್ಯತ್ಯಾಸಕ್ಕೆ ತಕ್ಕ ಆಫ್‌ಸೆಟ್ ಕೀ ಸಿಗುತ್ತದೆ. ಬೇಸರದ್ದಾಗಿ ಕಾಣುವ ಈ ಒಂದು ಸಂಜೆಯ ಕೆಲಸ ಕಾರ್ಬುರೇಟರಿನ ಮೇಲೆ ಆಮೇಲೆ ಸುರಿಯುವ ದುಡ್ಡಿಗಿಂತ ಹೆಚ್ಚು ಕೊಡುತ್ತದೆ.

ಚೈನ್ ಕವರಿನೊಳಗೆ ಆಯಿಲ್ ಚಿಮುಕಿಸುವ ತೆಳು ತಟ್ಟೆಯೊಂದಿದೆ, ‘ಎಫ್’ ಎಂದು ಬರೆದ ಮುಖ ಮುಂದಕ್ಕೆ. ಕವರಿನ ಬೋಲ್ಟುಗಳನ್ನು ಬೆರಳಿನಿಂದ ಮಾತ್ರ ತಿರುಗಿಸಿಟ್ಟು, ಪುಲ್ಲಿಯನ್ನು ಸೀಲಿನೊಳಗೆ ತಳ್ಳಿ ಕವರ್ ನಡುವಿಗೆ ಬಂದ ಮೇಲೆ ಬಿಗಿದರೆ ಅಲ್ಲಿ ಸೋರುವುದಿಲ್ಲ. ಪಕ್ಕದ ಎರಡು ಟ್ಯಾಪೆಟ್ ಕವರುಗಳಿಗೆ 2 ಪೌಂಡ್-ಅಡಿ ಸಾಕು. ಜೋರು ತೋರಿಸಿದರೆ ತಗಡು ಬಗ್ಗಿ, ಮ್ಯಾನಿಫೋಲ್ಡ್ ಕೆಳಗೆ ಕೈ ಹೋಗದ ಜಾಗದಲ್ಲಿ ಆಯಿಲ್ ಜಿನುಗುತ್ತದೆ. ಫ್ಲೈವೀಲಿಗೆ ಮುಂಚೆ ಬ್ಯಾಕ್ ಪ್ಲೇಟ್, ಅದಕ್ಕೂ ಮುಂಚೆ ಹಿಂದಿನ ಸೀಲು, ಕ್ರ್ಯಾಂಕಿನ ಬಾಲಕ್ಕೆ ಆಯಿಲಿನಲ್ಲಿ ನೆನೆಸಿದ ಸ್ಪಿಗಟ್ ಬುಶ್ (ಗೇರ್‌ಬಾಕ್ಸ್ ಶಾಫ್ಟಿನ ಮೂಗು ಕೂರುವ ಬಳೆ). ಬುಶ್ ಮರೆತವರು ಗೇರ್‌ಬಾಕ್ಸ್ ಮತ್ತೆ ಇಳಿಸುತ್ತಾರೆ.

ಡಿಸ್ಟ್ರಿಬ್ಯೂಟರಿನ ಡ್ರೈವ್ ಶಾಫ್ಟು ಬಹಳ ಜನರನ್ನು ಕಾಡುತ್ತದೆ. ಒಂದನೇ ಪಿಸ್ಟನ್ ಕಂಪ್ರೆಷನ್ನಿನ ಟಿಡಿಸಿಯಲ್ಲಿರಬೇಕು. ಶಾಫ್ಟಿನ ತಲೆಗೆ 5/16 ಇಂಚಿನ ಯುಎನ್‌ಎಫ್ (ಸಣ್ಣ ಥ್ರೆಡ್ಡಿನ) ಬೋಲ್ಟ್ ತಿರುಗಿಸಿ ಹಿಡಿ ಮಾಡಿಕೊಳ್ಳಿ. ತಲೆಯ ಸೀಳು ನಡುವಿನಲ್ಲಿಲ್ಲ, ಒಂದು ಪಕ್ಕ ದಪ್ಪ. ದಪ್ಪ ಪಕ್ಕ ಮೇಲಿರುವಂತೆ, ಸೀಳನ್ನು ಅಡ್ಡ ಹಿಡಿದು ಇಳಿಸಿದರೆ ಗೇರ್ ಕಚ್ಚುತ್ತಾ ಎಡಕ್ಕೆ ತಿರುಗಿ, ಗಡಿಯಾರದ ಒಂದು–ಎರಡು ಗಂಟೆಯ ದಿಕ್ಕಿನಲ್ಲಿ ನಿಲ್ಲುತ್ತದೆ. ಒಂದು ಹಲ್ಲು ತಪ್ಪಿದರೂ ಇಂಜಿನ್ ಸ್ಟಾರ್ಟ್ ಆಗಬಹುದು, ಆದರೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಟೈಮಿಂಗ್ ಹೊಂದಿಸಲು ಹೋದಾಗ ಜಾಗ ಸಾಲುವುದಿಲ್ಲ.

ಹೆಡ್ ಕೂರಿಸುವ ಮುಂಚೆ ಸ್ಟಡ್ ತೂತುಗಳ ಬಾಯಿ ನೋಡಿ. ವರ್ಷಗಟ್ಟಲೆ ಬಿಗಿದೂ ಬಿಗಿದೂ ಬ್ಲಾಕಿನ ಲೋಹ ಅಲ್ಲಿ ಉಬ್ಬಿರುತ್ತದೆ. ಕೌಂಟರ್‌ಸಿಂಕ್ ಹಾಕಿ ತಗ್ಗಿಸದಿದ್ದರೆ ಪ್ಯಾಕಿಂಗ್ ಸಮವಾಗಿ ಒತ್ತುವುದಿಲ್ಲ. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, 45ರಿಂದ 50 ಪೌಂಡ್-ಅಡಿಗೆ ತನ್ನಿ. ಟ್ಯಾಪೆಟ್ ಗ್ಯಾಪು ತಣ್ಣಗಿರುವಾಗ 15 ಥೌ. ಯಾವ ವಾಲ್ವು ಪೂರ್ತಿ ತೆರೆದಿದೆಯೋ ಅದರ ನಂಬರನ್ನು ಒಂಬತ್ತರಿಂದ ಕಳೆಯಿರಿ, ಉಳಿದ ನಂಬರಿನ ವಾಲ್ವನ್ನು ಹೊಂದಿಸಿ. ಈ ಲೆಕ್ಕ ಅಂಬಾಸಿಡರ್‌ನವರಿಗೆ ಬಾಯಿಪಾಠ.

ಇಂಜಿನ್ ಕಾರಿಗೇರಿತು. ಇನ್ನು ಮೊದಲ ಸ್ಟಾರ್ಟು. ಒತ್ತುವ ಮುನ್ನ ಎಲ್ಲ ಸಿದ್ಧವಿರಬೇಕು, ಏಕೆಂದರೆ ಒಮ್ಮೆ ಸ್ಟಾರ್ಟ್ ಆದರೆ ಇಪ್ಪತ್ತು ನಿಮಿಷ ನಿಲ್ಲಿಸುವಂತಿಲ್ಲ. ಇಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) 4.26 ಲೀಟರು, ಆಯಿಲ್ ಕೂಲರ್ ಇದ್ದರೆ ಇನ್ನೂ 0.42. 20ಡಬ್ಲ್ಯೂ-50 ಮಿನರಲ್ ಆಯಿಲ್, ಜಿಂಕ್ ಹೆಚ್ಚಿರುವ ಹಳೇ ಕಾರಿನ ಬಗೆ. ಈಗಿನ ಕಾರುಗಳ ತೆಳು ಸಿಂಥೆಟಿಕ್ ಬೇಡ. ಪಂಪನ್ನು ಕ್ಯಾಮ್ ತಿರುಗಿಸುವುದರಿಂದ ಹೊರಗಿನಿಂದ ಡ್ರಿಲ್ ಕೊಟ್ಟು ಅದೊಂದನ್ನೇ ತಿರುಗಿಸಲಾಗದು. ಕಟ್ಟುವಾಗಲೇ ಪಂಪಿನೊಳಗೆ ಆಯಿಲ್ ತುಂಬಿ, ಈಗ ಪ್ಲಗ್ಗುಗಳನ್ನೆಲ್ಲ ತೆಗೆದು, ಗೇಜಿನ ಮುಳ್ಳು ಏಳುವ ತನಕ ಸ್ಟಾರ್ಟರಿನಲ್ಲಿ ಸುತ್ತಿಸಿ. ಸ್ಟಾರ್ಟರ್ ಬಿಸಿಯಾಗದಂತೆ ಬಿಟ್ಟು ಬಿಟ್ಟು. ಮುಳ್ಳು ಏಳದೆ ಪ್ಲಗ್ ಹಾಕಬೇಡಿ. ಪ್ಲಗ್ ಗ್ಯಾಪ್ 25 ಥೌ, ಫೈರಿಂಗ್ ಆರ್ಡರ್ 1-3-4-2, ನಿಂತ ಸ್ಥಿತಿಯ ಟೈಮಿಂಗ್ ಟಿಡಿಸಿಗೆ 10 ಡಿಗ್ರಿ ಮುಂಚೆ. 1967ಕ್ಕಿಂತ ಹಳೆಯ ಕಾರಾದರೆ ಬ್ಯಾಟರಿಯ ಪಾಸಿಟಿವ್ ಕಡೆ ಬಾಡಿಗೆ ಅರ್ತ್ ಆಗಿರುತ್ತದೆ, ಅಭ್ಯಾಸಬಲದಿಂದ ತಿರುಗಾಮುರುಗಾ ಕೊಡಬೇಡಿ.

ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಮ್. ಐಡ್ಲಿಂಗಿಗೆ ಬಿಡಲೇಬಾರದು. ಕ್ಯಾಮ್ ಲೋಬಿಗೂ ಟ್ಯಾಪೆಟ್ಟಿಗೂ ಪಂಪಿನಿಂದ ನೇರ ಆಯಿಲ್ ಬರುವುದಿಲ್ಲ, ಕ್ರ್ಯಾಂಕ್ ಸಿಡಿಸಿದ ಹನಿ, ಮೇಲಿನಿಂದ ಇಳಿದು ಬಂದದ್ದು, ಅಷ್ಟೇ ಅದರ ಪಾಲು. ನಿಧಾನಕ್ಕೆ ಓಡಿದರೆ ಅದೂ ಇಲ್ಲ, ಸ್ಪ್ರಿಂಗಿನ ಒತ್ತಡವೂ ಲೋಬಿನ ಮೂಗಿನ ಮೇಲೆ ಹೆಚ್ಚು. ಹೊಸ ಕ್ಯಾಮ್ ಲೋಬು ಉರುಟಾಗಿ ಸವೆದುಹೋಗುವುದು ಈ ಮೊದಲ ನಿಮಿಷಗಳಲ್ಲೇ. ವೇಗವನ್ನು ಸ್ವಲ್ಪ ಏರಿಸುತ್ತ ಇಳಿಸುತ್ತ ಇಪ್ಪತ್ತು ನಿಮಿಷ ಓಡಿಸಿ, ಒಬ್ಬರು ಆಯಿಲ್ ಗೇಜು ಮತ್ತು ಟೆಂಪರೇಚರ್ ಬಿಟ್ಟು ಕಣ್ಣು ತೆಗೆಯದಿರಲಿ, ಇನ್ನೊಬ್ಬರು ಸೋರಿಕೆ ನೋಡಲಿ. ಮ್ಯಾನಿಫೋಲ್ಡಿನಿಂದ ಹೊಗೆ ಬರುತ್ತದೆ, ಅದು ಕಟ್ಟುವಾಗ ತಗುಲಿದ ಜಿಡ್ಡು. ಆಯಿಲ್ ಒತ್ತಡ ಬಿದ್ದರೆ ಮಾತ್ರ ತಕ್ಷಣ ಕೀ ತಿರುಗಿಸಿ.

ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಅದೇ ಕ್ರಮದಲ್ಲಿ, ಒಂದೊಂದನ್ನೂ ಕೊಂಚ ಸಡಿಲಿಸಿ ಮತ್ತೆ 50ಕ್ಕೆ ಬಿಗಿಯಿರಿ. ಹೆಡ್ಡು ಇನ್ನಷ್ಟು ಕೂತಿರುವುದರಿಂದ ಟ್ಯಾಪೆಟ್ ಗ್ಯಾಪೂ ಬದಲಾಗಿರುತ್ತದೆ, ಮತ್ತೆ ಹೊಂದಿಸಿ. ಆಯಿಲು, ಫಿಲ್ಟರ್ ಎರಡನ್ನೂ ಬದಲಿಸಿ. ತೆಗೆದ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ಬೂದು ಲೇಪ ಇದ್ದೇ ಇರುತ್ತದೆ, ಅದು ಅಸೆಂಬ್ಲಿ ಲೂಬು. ಅಯಸ್ಕಾಂತಕ್ಕೆ ಹತ್ತುವ ಚೂರು ಸಿಕ್ಕರೆ ಕ್ಯಾಮು, ತಾಮ್ರದ ಮಿಣುಕು ಸಿಕ್ಕರೆ ಬೇರಿಂಗು.

ಆಮೇಲಿನ 800 ಕಿಮೀ ‘ಹೊಸ ಇಂಜಿನ್, ಮೆಲ್ಲಗೆ’ ಎಂದು ಹೆದರುತ್ತ ಓಡಿಸುವವರೇ ಹೆಚ್ಚು, ಅದು ಸರಿಯಲ್ಲ. ರಿಂಗನ್ನು ಬೋರಿಗೆ ಒತ್ತುವುದು ಉರಿಯ ಒತ್ತಡ. ಭಾರವೇ ಇಲ್ಲದೆ ಓಡಿಸಿದರೆ ಬೋರು ಗಾಜಿನಂತೆ ನುಣುಪಾಗಿ, ರಿಂಗು ಕೂರದೆ, ಆಯಿಲ್ ಕುಡಿಯುವ ಚಟ ಶಾಶ್ವತವಾಗುತ್ತದೆ. ಟಾಪ್ ಗೇರಿನಲ್ಲಿ 2000ದಿಂದ 3500ರವರೆಗೆ ಗಟ್ಟಿಯಾಗಿ ಎಳೆಸಿ, ಕಾಲು ತೆಗೆದು ತಾನಾಗಿ ಇಳಿಯಲು ಬಿಡಿ. ಒಂದು ಹತ್ತು ಹದಿನೈದು ಸಲ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗ ಬೇಡ, 4000 ಮೀರುವುದೂ ಬೇಡ. 800 ಕಿಮೀಗೆ ಎರಡನೇ ಸಲ ಆಯಿಲ್ ಬದಲಿಸಿ, ಟ್ಯಾಪೆಟ್ ನೋಡಿ, ಕಂಪ್ರೆಷನ್ ಅಳೆದು ಮೊದಲ ದಿನ ಬರೆದಿಟ್ಟ ಅಂಕಿಗಳ ಪಕ್ಕದಲ್ಲಿ ಬರೆದಿಡಿ.